ಕಾಂಚನಾಳ ಪಾಯಿಂಟ್ ಆರು

"ಆಯಿ, ಇದು ಭಾಳ ಸರಳ ಐತಿ, ಹೆದರಬ್ಯಾಡ್ರಿ. ಒಂದು ಔಷಧ ಐತಿ ಅಂತ ತಿಳ್ಕೋರಿ. ಅದನ್ನೊಂದನ್ನ ಹಾಕಿದ್ರ, ಲ್ಯಾಬಿನ ತಟ್ಟಿಯ ಒಂದು ಸಣ್ಣ ಕುಳ್ಯಾಗಿನ ಕ್ರಿಮಿಯೊಳಗ ಅರ್ಧ ಸಾಯಾಕ ಎಂಟು ಪಾಲು ಬೇಕಾಗತೈತಿ. ಇನ್ನೊಂದು ಔಷಧ ಐತಿ, ಅದು ಸ್ವಲ್ಪ ಮೆತ್ತಂದು, ಅದಕ್ಕ ಹದಿನಾರು ಪಾಲು ಬೇಕು. ಈಗ ಎರಡನ್ನೂ ಕೂಡಿಸಿ ಹಾಕತೀವಿ. ಮೊದಲನೇದು ಎಂಟರಾಗ ಅರ್ಧ, ಅಂದ್ರ ನಾಕು. ಎರಡನೇದು ಹದಿನಾರರಾಗ ಅರ್ಧ, ಎಂಟು. ಆಗ ಅರ್ಧ ಕ್ರಿಮಿ ಸತ್ವು ಅಂದ್ರ ಏನಾತು? ಅರ್ಧಾ ಅರ್ಧಾ ಕೂಡಿ ಒಂದಾತು. ಇಬ್ಬರೂ ತಮ್ಮ ತಮ್ಮ ಪಾಲಿಂದು ದುಡದಾರ ಅಷ್ಟ, ಕೂಡಿದ್ದಕ್ಕ ಏನೂ ಹೆಚ್ಚಿಗಿ ಸಿಗಲಿಲ್ಲ. ಆದ್ರ ಅದಕ್ಕಿಂತ ಕಡಿಮಿ ಹಾಕಿದ್ರೂ ಅರ್ಧ ಸತ್ವು ಅನ್ನಿರಿ, ಅಂಕಿ ಒಂದಕ್ಕಿಂತ ಕೆಳಗ ಬರತೈತಿ. ಕೂಡಿದ್ದಕ್ಕ ಬಲ ಹೆಚ್ಚಾಗೇತಿ ಅಂತ ಅರ್ಥ. ಒಂದಕ್ಕಿಂತ ಮ್ಯಾಲ ಹೋತು ಅಂದ್ರ, ಒಂದರ ಕಾಲು ಒಂದು ಎಳ್ಯಾಕತ್ತಾವು. ನಾ ಎಂಟು ವರ್ಷದಿಂದ ಆ ಅಂಕಿ ಒಂದಕ್ಕಿಂತ ಕೆಳಗ ಬರಲಿ ಅಂತ ಕುಂತೇನಿ. ಯಾಕಂದ್ರ ಮೊದಲನೇ ಔಷಧ ಕಿಡ್ನಿ ಕೆಡಸ್ತೈತಿ. ನಮ್ಮಪ್ಪನ ಕಾಲಿನ ಹುಣ್ಣಿಗೆ ಅದನ್ನ ಕೊಟ್ಟಿದ್ರು. ಹುಣ್ಣೂ ಮಾಯಲಿಲ್ಲ, ಕಿಡ್ನಿನೂ ಹೋತು. ಕಡಿಮಿ ಕೊಟ್ರ ಕಿಡ್ನಿ ಉಳೀತೈತಿ, ಆದ್ರ ಕಡಿಮಿ ಕೊಟ್ರ ಕ್ರಿಮಿ ಸಾಯಂಗಿಲ್ಲ. ಅದಕ್ಕ ಅದಕ್ಕೊಂದು ಜೋಡಿ ಬೇಕು. ಒಂದ ತಟ್ಟ್ಯಾಗ ತೊಂಬತ್ತಾರು ಕುಳಿ ಇರತಾವು, ಹತ್ತು ನಮೂನಿ ಬೆರಕಿ, ಮೂರು ಮೂರು ಸರತಿ. ಅಷ್ಟೂ ಕಂಪ್ಯೂಟರಿನಾಗ ಹಾಕಿದ್ರ ಅದು ಗೆರಿ ಎಳದು ಅಂಕಿ ಹೇಳತೈತಿ. ನಾವು ಖರೇ ಹಾಕಿದ್ರ ಅದೂ ಖರೇ ಹೇಳತೈತಿ."

ಕಾಂಚನಾ ಇದನ್ನು ನನಗೆ ಹೇಳಿದ್ದು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಇಬ್ಬರೂ ಶೇಂಗಾ ಸುಲಿಯುತ್ತಾ ಕುಳಿತಿದ್ದಾಗ. ಒಂದು ಸಲ ಹೇಳಿದ್ದು ತಿಳಿಯದೆ ನಾನು ಮೂರು ಸಲ ಹೇಳಿಸಿಕೊಂಡೆ. ಮೂರನೆಯ ಸಲ ಅವಳು ಶೇಂಗಾ ಬೀಜಗಳನ್ನೇ ಎರಡು ಗುಂಪು ಮಾಡಿ ಎಣಿಸಿ ತೋರಿಸಿದಳು. ಆಗ ತಿಳಿಯಿತು.

ಅವಳು ಮಾಗಡಿಯ ಮಗಳು, ಲಕ್ಷ್ಮೇಶ್ವರದ ಸೊಸೆ. ಗಂಡ ನಂದೀಶ ಅಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ. ಇವಳು ಗದಗಿನ ಒಂದು ಔಷಧ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಜೊತೆಗೆ ಪಿಎಚ್‌ಡಿ. ದಿನಾ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬಂದುಹೋಗುವುದರಲ್ಲೇ ಹೊತ್ತು ಕಳೆಯುತ್ತದೆಂದು ಹಿಂದಿನ ವರ್ಷದ ಜೂನ್ ತಿಂಗಳಲ್ಲಿ ನಮ್ಮ ಮನೆಯ ಹೊರಗಿನ ಖೋಲಿ ಹಿಡಿದಳು. ಶನಿವಾರ ಊರಿಗೆ ಹೋಗುವಳು, ಸೋಮವಾರ ಬರುವಳು. ವಯಸ್ಸು ಮೂವತ್ತೆಂಟು. ಗಟ್ಟಿಯಾಗಿ ನಗುವವಳು. ಬಂದ ವಾರದಲ್ಲೇ ನನ್ನನ್ನು ಆಯಿ ಎಂದಳು, ನನ್ನ ಅಡುಗೆಮನೆಯಲ್ಲಿ ಹೇಳದೆ ಕೇಳದೆ ಡಬ್ಬಿ ತೆಗೆದು ಉಪ್ಪಿನಕಾಯಿ ತಿಂದಳು. ನನಗೆ ಅಷ್ಟು ಸಾಕಾಯಿತು.

ಪಿಎಚ್‌ಡಿಗೆ ಎಂಟು ವರ್ಷದ ಗಡುವು ಇರುತ್ತದಂತೆ. ಇವಳ ಗಡುವು ಜನವರಿ ಮೂವತ್ತಕ್ಕೆ ಮುಗಿಯುವುದಿತ್ತು. ಅಂದು ಸಾಯಂಕಾಲ ಐದರೊಳಗೆ ಗೈಡ್ ಸಹಿ ಹಾಕಿದ ಪ್ರಬಂಧವನ್ನು ಕೊಡದಿದ್ದರೆ ಎಂಟು ವರ್ಷವೂ ರದ್ದು. ಕಾಲೇಜಿನವರೂ ಹೇಳಿಬಿಟ್ಟಿದ್ದರು, ಈ ವರ್ಷ ಡಾಕ್ಟರೇಟ್ ಆಗದಿದ್ದರೆ ಮುಂದಿನ ವರ್ಷಕ್ಕೆ ಕೆಲಸವಿಲ್ಲ ಎಂದು. ಇದನ್ನೂ ಅವಳು ನಗುತ್ತಲೇ ಹೇಳಿದ್ದಳು. ಏಕೆಂದರೆ ಆಗ ಅವಳ ಕೈಯಲ್ಲಿ ಆ ಅಂಕಿ ಬಂದಾಗಿತ್ತು.

ಅದು ಬಂದದ್ದು ಆಗಸ್ಟ್ ತಿಂಗಳಲ್ಲಿ. ಮಧ್ಯಾಹ್ನ ಎರಡಕ್ಕೆ ಮನೆಯ ಮುಂದೆ ಆಟೋ ನಿಂತಿತು. ಕಾಲೇಜು ಬಿಡುವ ಹೊತ್ತಲ್ಲ. ಏನೋ ಕೆಟ್ಟ ಖಬರು ಎಂದು ನಾನು ಎದ್ದು ಬಾಗಿಲಿಗೆ ಬಂದೆ.

"ಆಯಿ, ಪಾಯಿಂಟ್ ಆರು!"

"ಒಂದಕ್ಕಿಂತ ಕೆಳಗ ಆತಲ್ಲ?"

"ಎಷ್ಟು ಕೆಳಗ ಅಂತೀರಿ! ಮೂರು ಸರತಿ ಮಾಡೇನಿ. ಮೂರು ಸರತಿನೂ ಅದ."

ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕುಳಿತು ಅತ್ತಳು. ಆಮೇಲೆ ಗಂಡನಿಗೆ ಫೋನು ಹಚ್ಚಿದಳು. ನಂದೀಶನ ದನಿ ನನಗೂ ಕೇಳಿಸುತ್ತಿತ್ತು. "ಹಂಗಾರ ಇನ್ನ ಮ್ಯಾಲ ನಿನಗ ಡಾಕ್ಟರಮ್ಮಾ ಅನ್ನಬೇಕೇನ?" ಎಂದ. "ಅನ್ನಾಕ ಈಗಿಂದ ರೂಢಿ ಮಾಡ್ಕೋರಿ, ನಾಲಿಗಿ ಹೊಳ್ಳಂಗಿಲ್ಲ ನಿಮ್ಮದು" ಎಂದಳು ಇವಳು.

ಅವಳ ಗೈಡ್ ಅದೇ ಕಾಲೇಜಿನ ನಿಜಲಿಂಗಪ್ಪ ಸರ್. ನಿವೃತ್ತಿಗೆ ಹತ್ತಿರ ಬಂದವರು. ಅವರೂ ಖುಷಿಯಾದರು. ಇಬ್ಬರ ಹೆಸರಿನಲ್ಲೂ ಒಂದು ಲೇಖನ ಬರೆದು ಔಷಧ ವಿಜ್ಞಾನದ ಪತ್ರಿಕೆಗೆ ಕಳಿಸಿದರು. ಡಿಸೆಂಬರ್ ತಿಂಗಳಲ್ಲಿ ಅದು ಅಚ್ಚೂ ಆಯಿತು. ಪ್ರಬಂಧಕ್ಕೆ "ಎರಡು ಔಷಧಗಳು ಕೂಡಿದಾಗ ಹೆಚ್ಚುವ ಬಲ" ಎಂಬ ಅರ್ಥದ ಹೆಸರನ್ನೇ ಇಟ್ಟು ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಒಪ್ಪಿಗೆ ಪಡೆದರು. ಜನವರಿಯಲ್ಲಿ ಅಚ್ಚಿನ ಕೆಲಸವಷ್ಟೇ ಉಳಿದಿತ್ತು.

ಆ ಹನ್ನೊಂದನೆಯ ತಾರೀಕು ರವಿವಾರ. ಪ್ರಬಂಧ ತಿದ್ದುವುದಿದೆ ಎಂದು ಕಾಂಚನಾ ಆ ವಾರ ಊರಿಗೆ ಹೋಗಿರಲಿಲ್ಲ. ಸಾಯಂಕಾಲ ಅವಳ ಕಾಲೇಜಿನ ಅಟೆಂಡರ್ ತಿರಕಪ್ಪ ಬಂದ. ಅವನ ತಂಗಿಯ ಮನೆ ನಮ್ಮ ಹಿಂದಿನ ಓಣಿಯಲ್ಲೇ ಇದೆ. ನನಗೆ ಅವನ ಪರಿಚಯ ಇಂದಿನದಲ್ಲ. ಹುಡುಗನಾಗಿದ್ದಾಗ ಬೆಟಗೇರಿಯ ಬಣ್ಣದ ಮನೆಯಲ್ಲಿ ನೂಲಿಗೆ ಬಣ್ಣ ಕಟ್ಟುತ್ತಿದ್ದ. ನಾನೂ ಅಲ್ಲೇ ನೂಲಿನ ಲಡಿ ಬಿಚ್ಚಿ ಒಣಹಾಕುತ್ತಿದ್ದೆ. ಬಣ್ಣದ ಮನೆ ಮುಚ್ಚಿದ ಮೇಲೆ ಅವನು ಕಾಲೇಜು ಸೇರಿದ. ಲ್ಯಾಬಿನಲ್ಲಿ ತೂಗುವ, ಕರಗಿಸುವ ಕೆಲಸಕ್ಕೆ ಬೇರೆ ಆಳಿಲ್ಲ. ಕಾಂಚನಾಳಿಗೆ ಈ ವರ್ಷ ಪಾಠವೂ ಹೆಚ್ಚು, ಪರೀಕ್ಷೆಯ ಕೆಲಸವೂ ಹೆಚ್ಚು. ಹೀಗಾಗಿ ಅವಳ ಔಷಧದ ಬಾಟಲಿಗಳನ್ನೆಲ್ಲ ಅವನೇ ತಯಾರು ಮಾಡಿ ಇಟ್ಟಿದ್ದ.

ಬರುವಾಗ ಪೇಪರಿನಲ್ಲಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ನಾನು ಚಹಾ ಇಟ್ಟೆ.

"ಮೇಡಮ್ಮಾರ, ಡಾಕ್ಟರ್ ಆದ ಮ್ಯಾಲ ನಮ್ಮ ಕೈಯಾಂದು ಚಾ ಕುಡಿತೀರೋ ಇಲ್ಲೋ?" ಎಂದ.

"ನಿಮ್ಮ ಚಾ ಕುಡದ ಕುಡದ ಹೊಟ್ಟಿ ಕೆಟ್ಟೈತಿ ತಿರಕಪ್ಪಣ್ಣ. ಅದಕ್ಕ ಡಾಕ್ಟರ್ ಆಗಾಕತ್ತೇನಿ."

"ನೋಡ್ರಿ ಅಕ್ಕಾರ, ಎಷ್ಟು ಬಾಟ್ಲಿ ಕಟ್ಟಿ ಕೊಟ್ಟೇನಿ ಇವರಿಗೆ. ಉಪಕಾರ ಅನ್ನೂದು ಇಲ್ಲ."

ನಾನು ಸುಮ್ಮನಿರಬಹುದಿತ್ತು. ಮಾತಿಗೆ ಮಾತು ಬೆಳೆಯಲಿ ಎಂದು ಕೇಳಿದೆ, "ಔಷಧ ಕಟ್ಟೂದು ಏನು ಕಷ್ಟೋ ತಿರಕಪ್ಪ? ಬಣ್ಣ ಕಟ್ಟಿದ ಕೈ ನಿಂದು."

"ಎರಡೂ ಒಂದ ರೀ ಅಕ್ಕಾರ. ತೂಗೂದು, ಕರಗಸೂದು. ಚೀಟ್ಯಾಗ 'ಕೂಡಿಸಲು' ಅಂತ ಬರದಿದ್ರ ಮಾತ್ರ ಹುಷಾರಿರಬೇಕು. ಮೇಡಮ್ಮಾರು ಎಂಟು ಅಂತ ಬರದಿರತಾರ. ನಾ ಹದಿನಾರು ತೂಗತೇನಿ."

"ಬಣ್ಣದ ಮನ್ಯಾಗಿನಂಗ?"

"ಮತ್ತ! ಕೆಂಪು ಅರ್ಧ ಗಡಗಿ, ಹಳದಿ ಅರ್ಧ ಗಡಗಿ ಕೂಡಸಿದ್ರ ಎರಡೂ ತೆಳ್ಳಗ ಆಗಿ ಸತ್ತಹೋಗತಾವು. ಅದಕ್ಕ ಕಟ್ಟಾಂವನ ಮೊದಲ ಇಮ್ಮಡಿ ಗಟ್ಟಿ ಕಟ್ಟಿ ಇಡಬೇಕು. ಬೆರಸಾಂವಗ ಯಾಕ ತ್ರಾಸು ಕೊಡೂದು? ಅಂವ ಸಮ ಸಮ ಸುರದು ಹೋಗತಾನ, ಅಂದದ್ದ ಬಣ್ಣ ಬರತೈತಿ."

ಅವನು ಹೇಳಿದ್ದು ಖರೆ. ನಮ್ಮ ಬಣ್ಣದ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೂಡುಬಣ್ಣ ಎಂದರೆ ಕಟ್ಟುವವನು ಇಮ್ಮಡಿ ಕಟ್ಟಿರುತ್ತಾನೆ, ಬೆರೆಸುವವನು ಅದನ್ನು ಕೇಳಬಾರದು. ಕೇಳಿದರೆ ನಗುತ್ತಿದ್ದರು, ನಿನ್ನೆ ಬಂದವನೇನೋ ಎನ್ನುತ್ತಿದ್ದರು. ನನಗೆ ಆ ದಿನಗಳೆಲ್ಲ ನೆನಪಾಗಿ ಖುಷಿಯಾಯಿತು. ತಿರುಗಿ ನೋಡಿದರೆ ಕಾಂಚನಾ ಚಹಾದ ಕಪ್ಪನ್ನು ತುಟಿಯ ಹತ್ತಿರ ಹಿಡಿದು ಹಾಗೇ ಕುಳಿತಿದ್ದಳು.

"ತಿರಕಪ್ಪಣ್ಣ, ಎಲ್ಲಾ ಬಾಟ್ಲಿನೂ ಹಂಗ ಕಟ್ಟಿದ್ರಿ?"

"ಕೂಡಸೂವು ಎಲ್ಲಾ ಹಂಗ ರೀ. ಒಂಟಿ ಔಷಧದ್ದು ಹ್ವಾದ ಜೂನಿನ ಮೊದಲ ನೀವ ಕಟ್ಕೊಂಡಿದ್ರೆಲ್ಲಾ. ಆಮ್ಯಾಲಿಂದು ಅಷ್ಟೂ ನಂದು. ಒಂದೂ ತಪ್ಪಿಲ್ಲ."

"ಹೂಂ" ಎಂದಳು.

"ಯಾಕ್ರಿ ಮೇಡಮ್ಮಾರ, ಮಿರ್ಚಿ ಖಾರಾತೇನು?"

"ಹೂಂ, ಖಾರಾತು."

ಅವನು ಹೋದ ಮೇಲೆ ಅವಳು ಲ್ಯಾಪ್‌ಟಾಪು ತಂದು ನನ್ನ ಎದುರಿಗೆ ನೆಲದ ಮೇಲೆ ಇಟ್ಟುಕೊಂಡು ಕುಳಿತಳು. ಸ್ವಲ್ಪ ಹೊತ್ತು ಅದನ್ನು ತೆಗೆಯಲೇ ಇಲ್ಲ.

"ಬೆರಸಿದ್ರ ಅರ್ಧ ಆಗತೈತಿ ಅಂತ ನನಗೂ ಗೊತ್ತಿತ್ತು ಆಯಿ" ಎಂದಳು. "ಅದಕ್ಕ ಚೀಟಿಯೊಳಗ ಎಂಟು ಅಂತ ಇದ್ದದ್ದನ್ನ ಕಂಪ್ಯೂಟರಿಗೆ ನಾಕು ಅಂತ ಹೇಳೇನಿ. ಅಂವಾ ಮೊದಲ ಇಮ್ಮಡಿ ಮಾಡಿ ಇಟ್ಟಿದ್ದ. ಕುಳ್ಯಾಗ ಖರೇ ಎಂಟ ಇತ್ತು."

"ಅಂದ್ರ ನೀ ಕಡಿಮಿ ಔಷಧ ಹಾಕೇನಿ ಅಂತ ತಿಳದಿದ್ದಿ. ಹಾಕಿದ್ದು ದುಪ್ಪಟ್ಟು."

"ಹೌದು."

ಆಮೇಲೆ ಅವಳು ಲ್ಯಾಪ್‌ಟಾಪು ತೆಗೆದಳು. ಒಂದು ಸಾಲಿನಲ್ಲಿ ಉದ್ದಕ್ಕೆ ಅಂಕಿಗಳು. ಅವೇ ಔಷಧದ ಪಾಲು ಎಂದಳು. ಎಲ್ಲವನ್ನೂ ಎರಡರಿಂದ ಗುಣಿಸಿ ಒಂದು ಗುಂಡಿ ಒತ್ತಿದಳು. ಅಲ್ಲಿ ಒಂದು ಚಿತ್ರವಿತ್ತು. ಒಂದು ನೆಟ್ಟನೆಯ ಗೆರೆ, ಅದರ ಕೆಳಗೆ ಸಡಿಲ ಹಗ್ಗದ ಹಾಗೆ ಜೋತುಬಿದ್ದ ಇನ್ನೊಂದು ಗೆರೆ. ಆಗಸ್ಟಿನಲ್ಲಿ ಅದನ್ನು ನನಗೆ ತೋರಿಸಿ, ಇದು ಎಷ್ಟು ಕೆಳಗೆ ಜೋಲುತ್ತದೋ ಅಷ್ಟು ಒಳ್ಳೆಯದು ಎಂದಿದ್ದಳು. ಈಗ ಆ ಗೆರೆ ಜಿಗಿದು ನೆಟ್ಟನೆಯ ಗೆರೆಯ ಮೇಲಕ್ಕೆ ಹೋಗಿ ಗೂನುಬೆನ್ನಿನ ಹಾಗೆ ಉಬ್ಬಿ ನಿಂತಿತು. ಪಕ್ಕದಲ್ಲಿ ಅಂಕಿ ಬಂತು. ಒಂದು ಪಾಯಿಂಟ್ ಎರಡು.

ಅವಳು ಮತ್ತೆ ಒತ್ತಿದಳು. ಮತ್ತೆ ಅದೇ. ಎಷ್ಟು ಸಲ ಒತ್ತಿದಳೋ ನಾನು ಎಣಿಸಲಿಲ್ಲ. ಕೊನೆಗೆ ನಾನೇ ಅವಳ ಕೈ ಹಿಡಿದೆ.

"ಹತ್ತೊಂಬತ್ತು ದಿನ ಅದಾವು ಆಯಿ" ಎಂದಳು.

ಮರುದಿನ ಮುಂಜಾನೆ ಸರ್‌ಗೆ ಫೋನು ಮಾಡಿದಳು. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ನಾನು ಒಲೆಯ ಮುಂದೆ ಇದ್ದೆ.

"ಕಾಂಚನಾ, ಅಂವಾ ಬಣ್ಣದಾಂವ. ಅಟೆಂಡರ್ ಬಾಯಿಮಾತಿಗೆ ನೀ ಪ್ರಬಂಧ ಕೆಡಸ್ಕೋತಿ ಏನವಾ?"

"ಬಾಯಿಮಾತು ನಂಬಬ್ಯಾಡ್ರಿ ಸರ್. ನಾ ಮತ್ತ ಮಾಡಿ ನೋಡತೇನ್ರಿ. ನನ್ನ ಕೈಲೇ ತೂಗತೇನಿ."

ಆಮೇಲೆ ಸರ್ ಬೇರೆ ದನಿಯಲ್ಲಿ ಹೇಳಿದರು. "ನೋಡವಾ, ಪ್ರಬಂಧದ ಹೆಸರಿನಾಗನ ಬಲ ಹೆಚ್ಚತೈತಿ ಅಂತ ಐತಿ. ಹೆಸರು ಬದಲಿ ಮಾಡಬೇಕಂದ್ರ ಸಮಿತಿ ಕುಂಡ್ರಬೇಕು. ಸಮಿತಿ ಕುಂಡ್ರೂದು ಜೂನಿಗೆ. ನಿನ್ನ ಗಡುವು ಈ ತಿಂಗಳಿಗೆ. ಇನ್ನೊಮ್ಮೆ ಗಡುವು ಕೊಡಂಗಿಲ್ಲ, ಎರಡು ಸಲ ಕೊಟ್ಟಾರ. ತಿಳದು ಮಾಡು."

"ಆತ್ರಿ ಸರ್" ಎಂದು ಫೋನಿಟ್ಟಳು. ಅಂದು ನಾನು ಬಡಿದ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಉಳಿಯಿತು.

ಒಂದು ಸಲ ಆ ಪ್ರಯೋಗ ಮಾಡಲು ಮೂರು ದಿನ ಬೇಕು. ಕ್ರಿಮಿ ಬೆಳೆಸಲು ಒಂದು ದಿನ, ಔಷಧ ಹಾಕಿ ಬಿಡಲು ಒಂದು ದಿನ, ಕುಳಿಗಳನ್ನು ಓದಲು ಒಂದು ದಿನ. ಅವಳು ಮೂರು ಸಲ ಮಾಡಿದಳು. ಮುಂಜಾನೆ ಏಳಕ್ಕೆ ಹೋಗುವಳು, ದೀಪ ಹಚ್ಚುವ ಹೊತ್ತಿಗೆ ಬರುವಳು. ಪಾಠವನ್ನೂ ಬಿಡಲಿಲ್ಲ. ತಿರಕಪ್ಪನನ್ನು ತಕ್ಕಡಿಯ ಹತ್ತಿರ ಬರಗೊಡಲಿಲ್ಲ. ಯಾಕೆಂದು ಅವನಿಗೆ ಹೇಳಲೂ ಇಲ್ಲ. ಅವನು ಲ್ಯಾಬಿನ ಹೊರಗೆ ಸ್ಟೂಲಿನ ಮೇಲೆ ಕುಳಿತು, ತಾನೇನು ಮಾಡಿದೆನೋ ಎಂದು ಬಾಗಿಲನ್ನೇ ನೋಡುತ್ತಿದ್ದನಂತೆ.

ಮೊದಲನೆಯ ಸಲ ಒಂದು ಪಾಯಿಂಟ್ ಎರಡು. ಎರಡನೆಯ ಸಲ ಒಂದು ಪಾಯಿಂಟ್ ಒಂದು. ಮೂರನೆಯ ಸಲ ಬಂದ ದಿನ ಅವಳು ಒಳಗೆ ಬರದೆ ಮನೆಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಕುಳಿ ನೋಡೂಕಿಂತ ಮೊದಲ ಕೈ ಮುಗದಿದ್ನಿ ಆಯಿ. ಒಂದು ಸಲನಾದ್ರೂ ಪಾಯಿಂಟ್ ಆರು ಬರಲಿ ಅಂತ. ಬಂದಿದ್ರ ತಿರಕಪ್ಪಣ್ಣ ಸುಳ್ಳು ಹೇಳ್ಯಾನ ಅಂತ ಅಂದುಬಿಡತಿದ್ನಿ. ಅಂವಗ ವಯಸ್ಸಾಗೇತಿ, ಮರತಾನ ಅಂತಿದ್ನಿ."

"ಎಷ್ಟು ಬಂತು?"

"ಒಂದು ಪಾಯಿಂಟ್ ಎರಡು."

ಒಳಗೆ ಬಂದ ಮೇಲೆ ಅವಳು ಮಾಡಿದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು, ಇದನ್ನೆಲ್ಲ ಬರೆಯಲು ಕುಳಿತಾಗ, ನಾನು ಯೋಚಿಸಿದೆ. ಅವಳೇ ಬರೆಯಿರಿ ಎಂದಳು. ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಒಂದೊಂದೇ ಕುಳಿಯ ಅಂಕಿ ತೆಗೆಯತೊಡಗಿದಳು. ಒಂದು ತೆಗೆದು ಗುಂಡಿ ಒತ್ತುವಳು, ನೋಡುವಳು, ಇನ್ನೊಂದು ತೆಗೆಯುವಳು. ಗೆರೆ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಇಳಿಯಿತು.

"ಬಂತು" ಎಂದಳು. "ಪಾಯಿಂಟ್ ತೊಂಬತ್ತೈದು. ಒಂದಕ್ಕಿಂತ ಕೆಳಗ."

"ಎಷ್ಟು ಕುಳಿ ತಗದಿ?"

"ಆರು."

"ಅವುನ್ನ ಯಾಕ ತಗದಿ? ಕೆಟ್ಟಿದ್ವೇನು?"

ಅವಳು ನನ್ನ ಮುಖ ನೋಡಿ ನಕ್ಕಳು. "ಕೆಟ್ಟಿಲ್ಲ ಆಯಿ. ನನಗ ಬೇಕಾದಂಗಿಲ್ಲ ಅವು" ಎಂದಳು. ತೆಗೆದ ಆರನ್ನೂ ಮತ್ತೆ ಅದೇ ಜಾಗದಲ್ಲಿ ಹಾಕಿದಳು. ಆರು ಹಾಕಲು ಬಹಳ ಹೊತ್ತು ಬೇಕಾಯಿತು.

ನಂದೀಶ ದಿನಾ ಫೋನು ಮಾಡುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಹೆಂಡತಿಯ ಎಂಟು ವರ್ಷ ಕಣ್ಣೆದುರಿಗೆ ಹೋಗುತ್ತಿದ್ದರೆ ಯಾವ ಗಂಡ ಸುಮ್ಮನಿದ್ದಾನು?

"ನೀ ಬೇಕಂತ ಮಾಡಿಲ್ಲ. ಗೊತ್ತಿಲ್ದ ಆಗೇತಿ. ಮೊದಲ ಕೊಟ್ಟು ಬಾ, ಆಮ್ಯಾಲ ನೋಡೂಣು" ಎಂದ.

"ಈಗ ಗೊತ್ತಾಗೇತಲ್ರೀ."

"ನಿನಗ, ನನಗ, ಆ ಅಜ್ಜಿಗೆ, ಸರ್‌ಗೆ. ಮತ್ಯಾರಿಗೆ ಗೊತ್ತೈತಿ?"

"ಅಂಗಡ್ಯಾಗ ಕುಂತು ದಿನಾ ಚೀಟಿ ಓದತೀರಿ ನೀವು" ಎಂದಳು ಕಾಂಚನಾ. "ಯಾರರ ಒಬ್ಬ ಡಾಕ್ಟರು ನನ್ನ ಲೇಖನ ಓದಿ, ಈ ಜೋಡಿ ಕೊಟ್ರ ಕಡಿಮಿ ಸಾಕು ಅಂತ ಬರದು ಕಳಿಸಿದ್ರ? ನೀವ ಗುಳಿಗಿ ಕೊಡ್ತೀರಿ. ಹುಣ್ಣು ಬೆಳಕೋತ ಹೋಗತೈತಿ. ನಮ್ಮಪ್ಪನ ಕಾಲು ನೀವೂ ನೋಡೀರಿ."

"ಒಂದು ಲೇಖನ ಓದಿ ಯಾರೂ ಹಂಗ ಕೊಡಂಗಿಲ್ಲವಾ."

"ಕೊಡಂಗಿಲ್ಲ ಅಂತ ನೀವು ಬರದು ಕೊಡ್ತೀರೇನ್ರೀ?"

ನಂದೀಶ ಊಟ ಮಾಡಿದಿಯೇನು ಎಂದು ಕೇಳಿ ಫೋನಿಟ್ಟ.

ಇಪ್ಪತ್ತಮೂರನೆಯ ತಾರೀಕು ಅವಳು ಮೂರು ಸಲದ ಅಂಕಿಗಳನ್ನೂ ತೆಗೆದುಕೊಂಡು ಸರ್ ಮನೆಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಹಾಳೆಯಿತ್ತು. ಸರ್ ಎಲ್ಲವನ್ನೂ ನೋಡಿದರಂತೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. ಆಮೇಲೆ, ಪ್ರಬಂಧವನ್ನು ಇದ್ದ ಹಾಗೆ ಕೊಟ್ಟರೆ ಇವತ್ತೇ ಸಹಿ ಹಾಕುತ್ತೇನೆ, ಬದಲಿಸಿದರೆ ಹೆಸರಿಗೂ ಒಳಗಿನದಕ್ಕೂ ತಾಳೆಯಾಗದ ಪುಸ್ತಕಕ್ಕೆ ಸಹಿ ಹಾಕಲು ನನಗೆ ಬರುವುದಿಲ್ಲ ಎಂದರಂತೆ. ಲೇಖನ ಹಿಂದಕ್ಕೆ ಪಡೆಯಲೇಬೇಕು ಎಂದು ಇವಳು ಹಟ ಹಿಡಿದಾಗ, ಪತ್ರಿಕೆಗೆ ಬರೆಯಬೇಕಾದ ಪತ್ರವನ್ನು ತಾವೇ ಬರೆದು ಕೊಟ್ಟಿದ್ದರು. ಅದೇ ಆ ಹಾಳೆ. ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಏನಿದೆ ಎಂದು ಕೇಳಿದೆ.

"ಕಾಲೇಜಿನ ಅಟೆಂಡರ್ ಹೇಳಿದಂಗ ಮಾಡದ ಔಷಧ ತಪ್ಪು ತೂಗ್ಯಾನ, ಅದರಿಂದ ಹಿಂಗಾತು ಅಂತ ಐತಿ. ತಿರಕಪ್ಪಣ್ಣನ ಹೆಸರು ಐತಿ. ಒಂದು ಪ್ರತಿ ಕಾಲೇಜಿಗೂ ಹೋಗತೈತಿ."

ತಿರಕಪ್ಪನಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಅವನಿಗೆ ಹೇಗೋ ಗೊತ್ತಾಯಿತು. ಮರುದಿನ ಮಧ್ಯಾಹ್ನ ಬಂದ. ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ ಅಂಗಿ ಹಾಕಿದ್ದ, ಕಚೇರಿಗೆ ಕರೆದವರ ಹಾಗೆ.

"ಮೇಡಮ್ಮಾರ, ನಾ ಬರದು ಕೊಡತೇನ್ರಿ, ನಂದ ತಪ್ಪು ಅಂತ. ಸಹಿ ಹಾಕಾಕ ಬರತೈತಿ ನನಗ. ಅದರಿಂದ ನಿಮ್ಮ ಪುಸ್ತಕ ಉಳಿತೈತೇನ್ರಿ?"

"ಉಳ್ಯಂಗಿಲ್ಲ ತಿರಕಪ್ಪಣ್ಣ."

"ಮತ್ತ ಏನು ಮಾಡಿದ್ರ ಉಳಿತೈತಿ?"

"ಏನು ಮಾಡಿದ್ರೂ ಉಳ್ಯಂಗಿಲ್ಲ."

ಅವನು ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಹೊರಗೆ ಕುಳಿತ. "ಚಲೋ ಮಾಡಾಕ ಹೋದ್ನಿ ರೀ. ನಿಮಗ ತ್ರಾಸು ಆಗಬಾರದು ಅಂತ ಇಮ್ಮಡಿ ಕಟ್ಟಿದ್ನಿ."

ಕಾಂಚನಾ ಎದ್ದು ಬಂದು ಅವನ ಎದುರಿಗೆ, ಹೊಸ್ತಿಲ ಈ ಕಡೆ, ನೆಲದ ಮೇಲೆ ಕುಳಿತಳು.

"ನೀವು ತಪ್ಪು ಕಟ್ಟಿಲ್ಲ. ಚೀಟಿಯೊಳಗ ನಾ ಎಂಟು ಅಂತ ಬರದಿದ್ನಿ. ಕೂಡಿದ ಮ್ಯಾಲ ಎಂಟು ಇರಬೇಕು ಅಂತ ನೀವು ತಿಳದ್ರಿ. ಎಂಟ ಇತ್ತು. ಯಾವ ಎಂಟು ಅಂತ ನಾ ಹೇಳಲಿಲ್ಲ. ನಿಮ್ಮ ತೂಕದ ಪುಸ್ತಕ ಲ್ಯಾಬಿನಾಗ ಕಪಾಟದ ಮ್ಯಾಲ ಇತ್ತು, ನಿಮ್ಮ ಕೈಲೇ ಬರದದ್ದು, ಹದಿನಾರು ಹದಿನಾರು ಅಂತ. ಎಂಟು ತಿಂಗಳು ಅದರ ಮುಂದ ಓಡಾಡೇನಿ. ಒಂದಿನ ತಗದು ನೋಡಲಿಲ್ಲ."

"ಕೇಳಬೇಕಿತ್ತು ನಾ."

"ಹೇಳಬೇಕಿತ್ತು ನಾ."

"ಇಬ್ಬರೂ ಶಾಣ್ಯಾರು" ಎಂದ ತಿರಕಪ್ಪ. ಅದು ನಗಿಸಲು ಹೇಳಿದ್ದೋ ಏನೋ, ಯಾರೂ ನಗಲಿಲ್ಲ. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಎದ್ದು ಹೋದ.

ಅಂದೇ ಅವಳು ಸರ್ ಬರೆದ ಹಾಳೆಯನ್ನು ಪಕ್ಕಕ್ಕಿಟ್ಟು ತಾನೇ ಪತ್ರ ಬರೆದಳು. ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು. ಬೆರೆಸಿದ ಮೇಲಿನ ಔಷಧದ ಪಾಲನ್ನು ನಾನು ಲೆಕ್ಕದಲ್ಲಿ ಮತ್ತೊಮ್ಮೆ ಅರ್ಧ ಮಾಡಿದ್ದೇನೆ, ತಯಾರಿಯ ಪುಸ್ತಕವನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು, ನೋಡಲಿಲ್ಲ, ಅಂಕಿ ಪಾಯಿಂಟ್ ಆರು ಅಲ್ಲ, ಒಂದು ಪಾಯಿಂಟ್ ಎರಡು, ಈ ಎರಡು ಔಷಧ ಕೂಡಿಸಿದರೆ ಲಾಭವಿಲ್ಲ, ದಯವಿಟ್ಟು ಲೇಖನ ತೆಗೆದುಹಾಕಿ. ತಿರಕಪ್ಪನ ಹೆಸರು ಅದರಲ್ಲಿ ಇರಲಿಲ್ಲ. ಕೆಳಗೆ ತನ್ನ ಒಬ್ಬಳ ಹೆಸರು ಹಾಕಿದಳು.

"ಸರ್ ಸಹಿ?" ಎಂದೆ.

"ಅವರು ಹಾಕಂಗಿಲ್ಲ. ಅವರ ಮಾರಿ ನೋಡಿದ್ರ ನನಗೂ ಕೇಳಾಕ ಬಾಯಿ ಬರಂಗಿಲ್ಲ. ಮೂವತ್ತೈದು ವರ್ಷ ಪಾಠ ಹೇಳ್ಯಾರ ಆಯಿ. ಹೋಗೂ ವರ್ಷಕ್ಕ ಹಿಂಗ ಆತು."

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕುಳಿತಳು. ನಾನು ಒತ್ತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಂದು ತಿರಕಪ್ಪನನ್ನು ಮಾತಿಗೆಳೆದವಳು ನಾನೇ. ಆ ಮಾತು ಕೇಳದಿದ್ದರೆ ಅವಳು ಡಾಕ್ಟರ್ ಆಗುತ್ತಿದ್ದಳು ಎಂಬುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಒಮ್ಮೆ ಅವಳಿಗೆ ಹೇಳಿಯೂ ಹೇಳಿದೆ. "ನಿಮ್ಮದೇನೈತಿ ಆಯಿ ಅದರಾಗ" ಎಂದು ಮಾತು ಮುಗಿಸಿದಳು.

ಒತ್ತಿದಳು. ಹೋಯಿತು.

ಆಮೇಲಿನ ಐದು ದಿನ ಹೇಗೆ ಕಳೆದವೋ. ಅವಳು ಕಾಲೇಜಿಗೆ ಹೋಗಿ ಪಾಠ ಹೇಳಿ ಬರುವಳು. ಬಂದು ಗೋಡೆಗೆ ಒರಗಿ ಕೂರುವಳು. ತಲೆ ಬಾಚಿಕೋ ಎಂದರೆ ಬಾಚಣಿಗೆ ಹಿಡಿದು ಹಾಗೇ ಕೂರುವಳು. ಒಂದು ಸಲ ಇದ್ದಕ್ಕಿದ್ದ ಹಾಗೆ, "ಆಯಿ, ಎಂಟು ವರ್ಷದಾಗ ಒಂದು ಕೂಸು ಎರಡನೇ ಇಯತ್ತೆ ಓದತಿತ್ತು" ಎಂದಳು. ಅವರಿಗೆ ಮಕ್ಕಳಿಲ್ಲ. ಪಿಎಚ್‌ಡಿ ಮುಗಿಯಲಿ ಎಂದು ಮುಂದೆ ಹಾಕುತ್ತಾ ಬಂದಿದ್ದರಂತೆ. ಅದನ್ನು ಅವಳು ನನಗೆ ಹೇಳಿದ್ದು ಅದೊಂದೇ ಸಲ.

ಆದರೂ ಆಸೆ ಹೋಗುವುದಿಲ್ಲ. ಸರಿಯಾದ ಅಂಕಿ ಹಾಕಿ ಪ್ರಬಂಧವನ್ನು ಹೊಸದಾಗಿ ಅಚ್ಚು ಹಾಕಿಸಿದಳು. ಹೆಸರು ಮಾತ್ರ ಹಳೆಯದೇ, ಅದನ್ನು ಬದಲಿಸುವ ಹಾಗಿರಲಿಲ್ಲ. ಮೂವತ್ತನೆಯ ತಾರೀಕು ಶುಕ್ರವಾರ ಮುಂಜಾನೆ ಅದನ್ನು ಚೀಲದಲ್ಲಿ ಇಟ್ಟುಕೊಂಡು ಗದಗಿಗೆ ಹೋದಳು. ಸರ್ ಕೊನೆಗೆ ಮನಸ್ಸು ಬದಲಿಸಿಯಾರು, ಹೇಗಿದೆಯೋ ಹಾಗೇ ಸಹಿ ಹಾಕಿಯಾರು ಎಂದು. ನಾನೂ ಹಾಗೇ ಅಂದುಕೊಂಡು ದೇವರ ಮುಂದೆ ದೀಪ ಹಚ್ಚಿದೆ.

ನಾಲ್ಕು ಗಂಟೆಗೆ ತಿರುಗಿ ಬಂದಳು. ಚೀಲ ಹಾಗೇ ಇತ್ತು.

"ಬಂದಿದ್ರೇನವಾ ಸರ್?"

"ಬಂದಿದ್ರು. ಬಾ, ಕುಂಡ್ರು ಅಂದ್ರು. ಪುಸ್ತಕ ತಗೊಂಡು ಮೊದಲಿಂದ ಕಡೀತನಕ ತಿರುವಿದ್ರು. ಇದು ಚಲೋ ಕೆಲಸ ಆಗೇತಿ ಕಾಂಚನಾ, ಮೊದಲಿಂದಕ್ಕಿಂತ ಚಲೋ ಆಗೇತಿ ಅಂದ್ರು. ಪೆನ್ನು ತಗದ್ರು. ಆಮ್ಯಾಲ ಪುಸ್ತಕದ ಮ್ಯಾಲಿನ ಹೆಸರು ಓದಿದ್ರು. ಪೆನ್ನು ಒಳಗ ಇಟ್ರು. ನನ್ನ ಕೈಲೇ ಆಗಂಗಿಲ್ಲವಾ ಅಂತ ಅಂದ್ರು. ಮೂರೂವರಿತನಕ ಹೊರಗ ನಿಂತಿದ್ನಿ. ಅವರು ಹಿಂದಿನ ಬಾಗಲದಿಂದ ಹೋಗಿಬಿಟ್ಟಿದ್ರು."

"ಇನ್ನೂ ಒಂದು ತಾಸು ಐತಿ."

"ಎಲ್ಲಿ ಹೋಗಲಿ ಆಯಿ?"

ಅವಳು ಚೀಲವನ್ನು ಖೋಲಿಯಲ್ಲಿಟ್ಟು ಬಂದು ಪಡಸಾಲೆಯ ಕಂಬಕ್ಕೆ ಒರಗಿದಳು. ನಂದೀಶನ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಯಿತು, ಮುಕ್ಕಾಲಾಯಿತು. ಅವಳು ಒಂದು ಸಲವೂ ಅತ್ತ ನೋಡಲಿಲ್ಲ. ನಾನು ಬೇಡವೆಂದರೂ ನೋಡುತ್ತಲೇ ಇದ್ದೆ.

ಐದಕ್ಕೆ ಸ್ವಲ್ಪ ಮೊದಲು ಓಣಿಯ ತುದಿಯಿಂದ ಕೂಗು ಬಂತು, ನಳ ಬಂತು ಎಂದು. ಹನ್ನೊಂದು ದಿನದ ಮೇಲೆ ನೀರು ಬಿಟ್ಟಿದ್ದರು. ಮನೆಯಲ್ಲಿ ಕುಡಿಯಲು ಒಂದು ಕೊಡದಷ್ಟೂ ಇರಲಿಲ್ಲ. ನಾನು ಎದ್ದೇಳುವಷ್ಟರಲ್ಲಿ ಅವಳೇ ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿ, ಹಿತ್ತಲಿಗೆ ಹೋಗಿ ಕೊಡಗಳನ್ನು ಎರಡೆರಡಾಗಿ ತಂದು ಸಾಲಾಗಿಟ್ಟಳು. ಹಂಡೆ ತೊಳೆದಳು. ಮೊದಲು ಬರುವ ಕೆಂಪು ನೀರನ್ನು ಬಕೆಟ್ಟಿಗೆ ಬಿಟ್ಟು, ತಿಳಿಯಾದ ಮೇಲೆ ಹಂಡೆಗೆ ಪೈಪು ಹಾಕಿದಳು. ನಾನು ಒಂದೊಂದು ಕೊಡದ ಬಾಯಿಗೂ ಅರಿವೆ ಕಟ್ಟುತ್ತಾ ಬಂದೆ.

"ಆ ಸಣ್ಣದಕ್ಕ ಕಟ್ಟೀರೇನು?" ಎಂದಳು.

"ಕಟ್ಟೇನಿ."

ಹಂಡೆ ತುಂಬಿತು. ಅವಳು ಪೈಪನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, ಮುಂದಿನ ಕೊಡಕ್ಕೆ ಹಾಕಿದಳು.